ಉತ್ತರ ಕೊಡದ ಮಗುವಿಗೆ ಮೂರು ಸೆಕೆಂಡು

"ಈ ಹುಡುಗನಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ." ಶಿಕ್ಷಕರ ಜೊತೆ ಕೂತಾಗಲೆಲ್ಲ ನನ್ನ ಕಿವಿಗೆ ಬೀಳುವ ದೂರು ಇದು. ಆಗ ನಾನು ಅವನ ಹಳೆಯ ನೋಟ್‌ಬುಕ್ ಕೇಳುತ್ತೇನೆ. ಹಾಳೆ ತಿರುವುತ್ತಾ ಹೋದರೆ ಬಹಳ ಸಲ ಒಂದು ಜಾಗ ಸಿಗುತ್ತದೆ. ಭಿನ್ನರಾಶಿ ಕೂಡುವ ಪಾಠ ಅಂತಿಟ್ಟುಕೊಳ್ಳಿ. ಅಲ್ಲಿಂದ ಅರ್ಧಕ್ಕೆ ಬಿಟ್ಟ ಲೆಕ್ಕಗಳು ಜಾಸ್ತಿಯಾಗುತ್ತವೆ. ಆಮೇಲಿನದೆಲ್ಲ ಬೋರ್ಡ್ ನೋಡಿ ಇಳಿಸಿಕೊಂಡದ್ದು. ಆಸಕ್ತಿ ಹೋಗಿದ್ದು ಆಮೇಲೆ. ಅದಕ್ಕೂ ಮೊದಲು "ಇದು ನನ್ನ ಕೈಲಾಗುತ್ತದೆ" ಅನ್ನುವ ನಂಬಿಕೆ ಹೋಗಿತ್ತು.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು, ಮನುಷ್ಯ ತಾನಾಗಿಯೇ ಒಂದು ಕೆಲಸಕ್ಕೆ ಮನಸ್ಸು ಕೊಡಬೇಕಾದರೆ ಮೂರು ಬೇಕು ಎನ್ನುತ್ತಾರೆ. ಇದು ನನ್ನ ಕೈಲಾಗುತ್ತದೆ ಅನಿಸಬೇಕು, ಇದರಲ್ಲಿ ನನ್ನ ಇಷ್ಟಕ್ಕೂ ಜಾಗ ಇದೆ ಅನಿಸಬೇಕು, ಸುತ್ತ ಇರುವವರಿಗೆ ನಾನು ಬೇಕಾದವನು ಅನಿಸಬೇಕು. ತರಗತಿಯಲ್ಲಿ ಮೊದಲು ಸರಿಮಾಡಬೇಕಾದದ್ದು ಕೈಲಾಗುತ್ತದೆ ಅನ್ನುವುದನ್ನೇ, ಇದು ನನ್ನ ಅಭಿಪ್ರಾಯ. ಯಾವ ಲೆಕ್ಕವೂ ಬರದ ಮಗುವಿಗೆ "ನಿನಗೆ ಬೇಕಾದ ಲೆಕ್ಕ ಆರಿಸಿಕೋ" ಎಂದರೆ ಏನು ಉಪಯೋಗ?

ಒಂದು ಉದಾಹರಣೆ. 1/2 ಕ್ಕೆ 1/3 ಕೂಡಿಸಿ ಮಗು 2/5 ಎಂದು ಬರೆಯುತ್ತದೆ. ಇದು ಉಡಾಫೆ ಅಲ್ಲ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. ಅದರದ್ದೂ ಒಂದು ನಿಯಮ ಇದೆ, ಅಲ್ವಾ? ಹಾಗಾಗಿ ಕೆಂಪು ಗೀಟು ಎಳೆಯುವ ಮೊದಲು ಒಂದು ಪ್ರಶ್ನೆ ಕೇಳಿ: "2/5 ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ?" ಕಾಗದದ ಪಟ್ಟಿಯಲ್ಲಿ ಐದು ಸಮಭಾಗ ಮಾಡಿ ಎರಡಕ್ಕೆ ಬಣ್ಣ ಹಚ್ಚಲಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಕಡಿಮೆ ಬಂತಲ್ಲ ಎಂದು ಅದಕ್ಕೇ ಹೊಳೆಯುತ್ತದೆ. ಆಮೇಲೆ ಅಂಥದ್ದೇ ಇನ್ನೊಂದು ಪಟ್ಟಿಯನ್ನು ಆರು ಭಾಗ ಮಾಡಿಸಿ. ಅರ್ಧ ಎಂದರೆ ಮೂರು ಭಾಗ, ಮೂರನೇ ಒಂದು ಎಂದರೆ ಎರಡು ಭಾಗ. ಒಟ್ಟು 5/6. ತಪ್ಪನ್ನು ತಾನೇ ಹಿಡಿದ ಮಗುವಿನ ಮುಖ ನೋಡಿದವರಿಗೆ ಇದಕ್ಕಾಗಿ ಕಳೆದ ಹತ್ತು ನಿಮಿಷ ದಂಡ ಅನಿಸುವುದಿಲ್ಲ.

ಇನ್ನು ಪ್ರಶ್ನೆ ಕೇಳುವ ರೀತಿ. ಮೇರಿ ಬಡ್ ರೋವ್ ಎಂಬ ವಿಜ್ಞಾನ ಶಿಕ್ಷಣ ಸಂಶೋಧಕಿ ತರಗತಿಗಳ ಮಾತುಕತೆಯನ್ನು ರೆಕಾರ್ಡ್ ಮಾಡಿ ಕೇಳಿದರು. ಪ್ರಶ್ನೆ ಹಾಕಿದ ಮೇಲೆ ಶಿಕ್ಷಕರು ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡಿನಷ್ಟು. ಅಷ್ಟರಲ್ಲಿ ಉತ್ತರ ಬರದಿದ್ದರೆ ಪ್ರಶ್ನೆ ಇನ್ನೊಬ್ಬರಿಗೆ ಹೋಗುತ್ತಿತ್ತು, ಇಲ್ಲವೇ ಶಿಕ್ಷಕರೇ ಉತ್ತರ ಹೇಳಿಬಿಡುತ್ತಿದ್ದರು. ಹಿಂದುಳಿದವರು ಎಂದು ತಾವೇ ಗುರುತಿಸಿದ ಮಕ್ಕಳಿಗಂತೂ ಜಾಣರಿಗಿಂತ ಕಡಿಮೆ ಹೊತ್ತು ಕಾಯುತ್ತಿದ್ದರು. ಜಾಸ್ತಿ ಹೊತ್ತು ಬೇಕಾದವರಿಗೇ ಕಡಿಮೆ! ಕಾಯುವುದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಪ್ರಸಂಗಗಳು ಕಡಿಮೆಯಾದವು, ಸುಮ್ನೆ ಕೂರುತ್ತಿದ್ದ ಮಕ್ಕಳೂ ಮಾತಾಡತೊಡಗಿದರು.

ಮೂರು ಸೆಕೆಂಡು ಕೇಳಲು ಚಿಕ್ಕದು. ಬೋರ್ಡ್ ಮುಂದೆ ನಿಂತವರಿಗೆ ಮಾತ್ರ ಅದು ತುಂಬಾ ಉದ್ದ. ಮನಸ್ಸಿನಲ್ಲೇ ಎಣಿಸಿ. ಮುಂದಿನ ಸಾಲಿನ ಕೈಗಳು ಎದ್ದರೂ ಹೆಸರು ಕರೆಯಬೇಡಿ. ಮೊದಲು ಎಲ್ಲರೂ ಬರೆಯಲಿ, ಆಮೇಲೆ ಪಕ್ಕದವರಿಗೆ ತೋರಿಸಲಿ, ಕೊನೆಗೆ ಕೇಳಿ. ಹಿಂದಿನ ಬೆಂಚಿನ ಮಗುವಿನ ಕೈಯಲ್ಲಿ ಆಗ ಹೇಳಲು ಏನಾದರೂ ಇರುತ್ತದೆ. ಮಗು ಉತ್ತರ ಹೇಳಿದ ಮೇಲೂ ಒಂದೆರಡು ಕ್ಷಣ ಕಾಯಿರಿ, ಎಷ್ಟೋ ಸಲ ಮುಖ್ಯವಾದ ಮಾತು ಆಗ ಬರುತ್ತದೆ.

ಬಹುಮಾನದ ಬಗ್ಗೆ ಎಲ್ಲರೂ ಕೇಳುತ್ತಾರೆ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ "ಬರೆದರೆ ಪ್ರಶಸ್ತಿ ಪತ್ರ ಕೊಡುತ್ತೇವೆ" ಎಂದು ಹೇಳಿ ಬರೆಸಿದರು. ಆಮೇಲೆ ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಚಿತ್ರ ಬರೆಯುವುದು ಕಡಿಮೆಯಾಯಿತು. ಇರುವ ಇಷ್ಟದ ಮೇಲೆ ಬಹುಮಾನ ಹೇರಬಾರದು. ಏನೂ ಇಷ್ಟವಿಲ್ಲದ ಮಗುವನ್ನು ಮೊದಲ ಸಲ ಪೆನ್ಸಿಲ್ ಹಿಡಿಸಲು ಒಂದು ಸ್ಟಿಕ್ಕರ್ ಕೊಟ್ಟರೆ ನನ್ನ ತಕರಾರಿಲ್ಲ. ಆದರೆ ಅದನ್ನೇ ದಿನಚರಿ ಮಾಡಬೇಡಿ. ಅದಕ್ಕಿಂತ "ಛೇದ ಬೇರೆ ಇದೆ ಅಂತ ನೀನೇ ಗಮನಿಸಿದೆ" ಎಂಬ ಮಾತು ಹೆಚ್ಚು ಕೆಲಸ ಮಾಡುತ್ತದೆ. ತಾನು ಮಾಡಿದ್ದೇನು ಎಂದು ಮಗುವಿಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಇನ್ನೊಂದು ಪರೀಕ್ಷಿಸಿ: ಮಗುವಿಗೆ ಬೋರ್ಡ್ ಕಾಣಿಸುತ್ತಿದೆಯೇ, ಕಿವಿ ಸರಿಯಾಗಿ ಕೇಳುತ್ತಿದೆಯೇ, ರಾತ್ರಿ ನಿದ್ದೆ ಆಗುತ್ತಿದೆಯೇ, ಮನೆಯಲ್ಲಿ ಏನಾದರೂ ಕಷ್ಟವಿದೆಯೇ. ಕನ್ನಡಕ ಬೇಕಾದ ಮಗುವಿಗೆ ಹುರಿದುಂಬಿಸುವ ಮಾತು ಹೇಳಿ ಪ್ರಯೋಜನವಿಲ್ಲ.

ಬದಲಾವಣೆಗೆ ವಾರಗಳೇ ಹಿಡಿಯುತ್ತವೆ. ಮೊದಲ ಗುರುತು ಎತ್ತಿದ ಕೈ ಆಗಿರಬೇಕಿಲ್ಲ. ಬರೆದದ್ದನ್ನು ತಾನೇ ಅಳಿಸಿ ಮತ್ತೆ ಬರೆಯುವುದು, ಪಕ್ಕದವರನ್ನು "ಇದು ಹೇಗೆ ಬಂತು?" ಎಂದು ಕೇಳುವುದು, ಇವೂ ಗುರುತುಗಳೇ. ಅವೂ ಕಾಣದಿದ್ದರೆ ಮತ್ತೆ ನೋಟ್‌ಬುಕ್ ತೆಗೆಯಿರಿ, ಇನ್ನಷ್ಟು ಹಿಂದಕ್ಕೆ ಹೋಗಿ. ಭಿನ್ನರಾಶಿಯಲ್ಲಿ ಕಂಡ ತೊಡಕು ಭಾಗಾಕಾರದಲ್ಲೇ ಶುರುವಾಗಿರಬಹುದು.