ಮಾಸ್ಟೊಡಾನ್‌ಗೆ ನನ್ನದೇ ವೆಬ್ ಕ್ಲೈಂಟ್ ಬೇಕು, ಸರ್ವರ್ ಹಾಕಬೇಕಾ?

ಪ್ರಶ್ನೆ: ಬೇರೆಬೇರೆಯವರು ನಡೆಸುವ ಸರ್ವರ್‌ಗಳು ಸೇರಿ ಆದ ಸಾಮಾಜಿಕ ಜಾಲ ಮಾಸ್ಟೊಡಾನ್. ಅದರ ವೆಬ್ ಪುಟ ನನಗೆ ಹಿಡಿಸಿಲ್ಲ. ನನಗೆ ಬೇಕಾದ ಹಾಗೆ ಒಂದು ಕ್ಲೈಂಟ್, ಅಂದರೆ ಪೋಸ್ಟ್ ಓದುವ, ಬರೆಯುವ ಪುಟ ಮಾಡಿಕೊಳ್ಳೋಣ ಅಂತಿದ್ದೇನೆ. ಅದಕ್ಕೆ ಸ್ವಂತ ಸರ್ವರ್ ನಡೆಸಬೇಕಾ? ಆಕ್ಟಿವಿಟಿಪಬ್ ಕಲಿಯಬೇಕಾ?

ಎರಡೂ ಬೇಡ. ಆಕ್ಟಿವಿಟಿಪಬ್ ಇಲ್ಲಿ ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ರೀತಿ. ನಿಮ್ಮ ಪುಟ ಮಾತಾಡುವುದು ನಿಮ್ಮ ಖಾತೆ ಇರುವ ಸರ್ವರ್ ಜೊತೆ ಮಾತ್ರ, ಅದೂ ಮಾಸ್ಟೊಡಾನ್‌ನದೇ ಎಪಿಐ (ಆ್ಯಪ್‌ಗಳು ಸರ್ವರ್ ಜೊತೆ ಮಾತಾಡಲು ಇರುವ ದಾರಿ) ಮೂಲಕ. ಎಲ್ಕ್, ಫ್ಯಾನ್‌ಪೈ ಅನ್ನುವ ವೆಬ್ ಕ್ಲೈಂಟ್‌ಗಳು ಕೆಲಸ ಮಾಡುವುದು ಹೀಗೇ. ಗೋಟುಸೋಶಿಯಲ್ ಅನ್ನುವ ಸರ್ವರ್‌ಗಂತೂ ಪೋಸ್ಟ್ ಹಾಕಲು ತನ್ನದೇ ವೆಬ್ ಪುಟವೇ ಇಲ್ಲ, ಬೇರೆ ಕ್ಲೈಂಟನ್ನೇ ಬಳಸಬೇಕು. ಅದಕ್ಕೂ ಇದೇ ಎಪಿಐ ಬಹುಮಟ್ಟಿಗೆ ನಡೆಯುತ್ತದೆ.

ಟೈಮ್‌ಲೈನ್ ತೋರಿಸುವುದು ಸುಲಭ. ಒಂದು ಸಲಕ್ಕೆ 20 ಪೋಸ್ಟ್ ಬರುತ್ತವೆ, ಕೇಳಿದರೆ 40ರವರೆಗೆ. ತಲೆ ತಿನ್ನುವುದು ಲಾಗಿನ್. ಬೇರೆ ಕಡೆ ಆದರೆ ಆ ಕಂಪನಿಯ ಬಳಿ ಒಂದು ಸಲ ಆ್ಯಪ್ ನೋಂದಾಯಿಸಿದರೆ ಮುಗಿಯಿತು. ಇಲ್ಲಿ ಸರ್ವರ್‌ಗಳೇ ಸಾವಿರಾರು. ಹಾಗಾಗಿ ಮೊದಲು ಬಳಕೆದಾರರ ಸರ್ವರ್ ಯಾವುದು ಅಂತ ಕೇಳಬೇಕು. ಆಮೇಲೆ ನಿಮ್ಮ ಕೋಡ್ ಆಗಿಂದಾಗಲೇ ಆ ಸರ್ವರ್‌ನಲ್ಲಿ ನೋಂದಾಯಿಸಿಕೊಂಡು, ಅವರನ್ನು ಅಲ್ಲಿನ ಲಾಗಿನ್ ಪುಟಕ್ಕೇ ಕಳಿಸುತ್ತದೆ. ಪಾಸ್‌ವರ್ಡ್ ನಿಮ್ಮ ಕೈಗೆ ಬರುವುದೇ ಇಲ್ಲ, ಅದರ ಬದಲು ಖಾತೆ ಬಳಸಲು ಅನುಮತಿ ಕೊಡುವ ಟೋಕನ್ ಮಾತ್ರ ಬರುತ್ತದೆ.

ಆ ಟೋಕನ್ ಸಾಮಾನ್ಯವಾಗಿ ಬ್ರೌಸರ್‌ನಲ್ಲೇ ಉಳಿಯುತ್ತದೆ. ಪೋಸ್ಟ್‌ಗಳು ಬರುವುದು ಎಚ್‌ಟಿಎಂಎಲ್ ಆಗಿ. ಅದನ್ನು ಶುಚಿ ಮಾಡದೆ, ಅಂದರೆ ಅಪಾಯಕಾರಿ ಕೋಡ್ ತೆಗೆಯದೆ, ಹಾಗೇ ಪುಟಕ್ಕೆ ತುರುಕಿದರೆ, ಯಾರದೋ ಪೋಸ್ಟ್‌ನಲ್ಲಿರುವ ಸ್ಕ್ರಿಪ್ಟ್ ಟೋಕನ್ ಕದಿಯಬಹುದು. ಮಾಸ್ಟೊಡಾನ್ ತಾನೇ ಶುಚಿ ಮಾಡಿ ಕಳಿಸುತ್ತದೆ, ನಿಜ. ಆದರೆ ನಿಮ್ಮ ಪುಟಕ್ಕೆ ಯಾವ ಸರ್ವರ್‌ನವರು ಬರುತ್ತಾರೋ ಯಾರಿಗೆ ಗೊತ್ತು?

ಎಡವಿ ಬೀಳುವ ಜಾಗ ಇನ್ನೊಂದಿದೆ. ಪೋಸ್ಟ್‌ನ ಐಡಿ ನೋಡಲು ಸಂಖ್ಯೆ, ಆದರೆ ಎಪಿಐ ಕೊಡುವುದು ಸ್ಟ್ರಿಂಗ್ (ಪಠ್ಯ) ಆಗಿ. ಅದನ್ನು ಜಾವಾಸ್ಕ್ರಿಪ್ಟ್ ಸಂಖ್ಯೆಯಾಗಿ ಬದಲಿಸಬೇಡಿ. ಜಾವಾಸ್ಕ್ರಿಪ್ಟ್ ಪೂರ್ಣಾಂಕಗಳನ್ನು ನಿಖರವಾಗಿ ಇಟ್ಟುಕೊಳ್ಳುವುದು 9007199254740991ರವರೆಗೆ ಮಾತ್ರ. ಅದನ್ನು ದಾಟಿದ ಮೇಲೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗುತ್ತವೆ, ಲೈಕ್ ಒತ್ತಿದರೆ 'ಅಂಥ ಪೋಸ್ಟ್ ಇಲ್ಲ' ಅಂತ ಬರುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಅಕ್ಷರ ಎಣಿಕೆಯೂ ಮುಖ್ಯ. ಮಾಸ್ಟೊಡಾನ್‌ನ ಮಾಮೂಲಿ ಮಿತಿ 500, ಸರ್ವರ್ ನಡೆಸುವವರು ಬದಲಿಸಿರಲೂಬಹುದು. ಮಾಸ್ಟೊಡಾನ್ ಎಣಿಕೆಯಲ್ಲಿ 'ಕಿ' ಒಂದೇ. ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಕೇಳಿದರೆ ಎರಡು ಅನ್ನುತ್ತದೆ. ಸುಮ್ನೆ ಅದನ್ನೇ ನಂಬಿದರೆ ಜಾಗ ಇನ್ನೂ ಬೇಕಾದಷ್ಟು ಇರುವಾಗಲೇ 'ಮಿತಿ ಮೀರಿದೆ' ಅಂತ ನಿಮ್ಮ ಪುಟ ತಡೆಯುತ್ತದೆ. ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸಲು ಜಾವಾಸ್ಕ್ರಿಪ್ಟ್‌ನಲ್ಲೇ ಇರುವ ಇಂಟ್ಲ್ ಸೆಗ್ಮೆಂಟರ್ (Intl.Segmenter) ಬಳಸಿ.

ಪೋಸ್ಟ್‌ಗೆ ಬಂದ ಉತ್ತರಗಳು ಕಾಣೆಯಾದರೆ ನಿಮ್ಮ ಕೋಡನ್ನು ಬೈದುಕೊಳ್ಳಬೇಡಿ. ನಿಮ್ಮ ಸರ್ವರ್‌ಗೆ ತಲುಪದ ಉತ್ತರ ನಿಮ್ಮ ಪುಟದಲ್ಲೂ ಇರುವುದಿಲ್ಲ. ಮೂಲ ಸರ್ವರ್‌ನ ಪೋಸ್ಟ್‌ಗೆ ಒಂದು ಕೊಂಡಿ ಇಟ್ಟರೆ ಓದುವವರೇ ಹೋಗಿ ನೋಡುತ್ತಾರೆ.

ನನ್ನ ಸಲಹೆ: ಶುರುವಿಗೆ ಓದುವ ಅನುಮತಿಯೊಂದನ್ನೇ ಕೇಳಿ. ಪೋಸ್ಟ್, ಲೈಕ್ ಆಮೇಲೆ ನೋಡೋಣ. ಆದರೆ ಬರೆಯುವ ಅನುಮತಿ ಸೇರಿಸಿದ ದಿನ ಹಳೆಯ ಟೋಕನ್‌ ಸಾಕಾಗುವುದಿಲ್ಲ, ಎಲ್ಲರೂ ಮತ್ತೆ ಲಾಗಿನ್ ಆಗಬೇಕು. ಅದನ್ನು ಪುಟದಲ್ಲೇ ತಿಳಿಸಿಬಿಡಿ.