ಕಾನ್ವೆಂಟ್ ವ್ಯಾನು ನಿಂತ ಮೇಲೆ

ಸಕಲೇಶಪುರದಿಂದ ಒಳಕ್ಕೆ ಹೋದರೆ ನಮ್ಮೂರು. ಬೆಳಿಗ್ಗೆ ಎಂಟಕ್ಕೆ ಬಸ್ ಸ್ಟಾಪಿನ ಹತ್ತಿರ ಹಳದಿ ವ್ಯಾನು ಬರುತ್ತಿತ್ತು. ಅದನ್ನು ಹತ್ತುವ ಮಕ್ಕಳು ಕಾನ್ವೆಂಟಿಗೆ, ಅದರ ಪಕ್ಕದಲ್ಲೇ ನಡೆದು ಹೋಗುವವರು ಸರ್ಕಾರಿ ಶಾಲೆಗೆ. ಎಲ್ಲರೂ ಒಂದೇ ಬೀದಿಯವರು, ಸಂಜೆ ಒಟ್ಟಿಗೆ ಆಡುವವರು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು, ಶಾಲೆಗಳು ಮುಚ್ಚಿದವು, ವ್ಯಾನು ನಿಂತಿತು. ಆವಾಗ ಶುರುವಾದ ಮಾತು ನಮ್ಮ ಕಡೆ ಇವತ್ತಿಗೂ ಮುಗಿದಿಲ್ಲ. ಮಗು ಮನೆಯಲ್ಲೇ ಕೂತಿರುವಾಗ ಕಾನ್ವೆಂಟಿಗೆ ಯಾಕೆ ಫೀಸು ಕಟ್ಟಬೇಕು? ಸರ್ಕಾರಿ ಶಾಲೆಗೆ ಸೇರಿಸಿದರೆ ಏನು ಕಳೆದುಕೊಳ್ಳುತ್ತೇವೆ?

ಈ ಜಗಳ ಕೊರೊನಾದಿಂದ ಹುಟ್ಟಿದ್ದಲ್ಲ. ಸ್ವಲ್ಪ ಹಿಂದಕ್ಕೆ ಹೋಗಬೇಕು.

1994ರಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಮಾಡಿತು. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಪಾಠ ನಡೆಯಬೇಕು ಅಂತ. ಎಷ್ಟೋ ಖಾಸಗಿ ಶಾಲೆಗಳು ಕನ್ನಡ ಮಾಧ್ಯಮ ಎಂದು ಅನುಮತಿ ತೆಗೆದುಕೊಂಡು ಒಳಗೆ ಇಂಗ್ಲಿಷಿನಲ್ಲೇ ಪಾಠ ಮಾಡಿದವು. ಅಪ್ಪ ಅಮ್ಮಂದಿರಿಗೆ ಅದು ಗೊತ್ತಿತ್ತು, ಅದಕ್ಕಾಗಿಯೇ ಸೇರಿಸುತ್ತಿದ್ದರು. ವಿಷಯ ಕೋರ್ಟಿಗೆ ಹೋಯಿತು. 2008ರಲ್ಲಿ ಹೈಕೋರ್ಟು ಖಾಸಗಿ ಶಾಲೆಗಳ ಪರ ತೀರ್ಪು ಕೊಟ್ಟಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಎತ್ತಿಹಿಡಿಯಿತು. ಮಗು ಯಾವ ಭಾಷೆಯಲ್ಲಿ ಕಲಿಯಬೇಕು ಎನ್ನುವುದು ಹೆತ್ತವರ ಆಯ್ಕೆ, ಸರ್ಕಾರ ಹೇರುವಂತಿಲ್ಲ ಎಂದಾಯಿತು.

ಅದರ ನಡುವೆ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ ಬಂತು. 2012ರಿಂದ ನಮ್ಮ ರಾಜ್ಯದ ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟು ಬಡ ಮಕ್ಕಳಿಗೆ, ಫೀಸು ಸರ್ಕಾರದ್ದು. ಕೂಲಿಗೆ ಹೋಗುವವರ ಮಕ್ಕಳೂ ವ್ಯಾನು ಹತ್ತಿದರು. ಆದರೆ ಸರ್ಕಾರಿ ಶಾಲೆಯ ಹಾಜರಿ ಪುಸ್ತಕ ತೆಳ್ಳಗಾಯಿತು. ಸರ್ಕಾರವೇ ದುಡ್ಡು ಕೊಟ್ಟು ತನ್ನ ಶಾಲೆಯ ಮಕ್ಕಳನ್ನು ಆಚೆ ಕಳಿಸಿದ ಹಾಗಾಯಿತು ಅಲ್ವಾ? ಅದು ಗೊತ್ತಾಗಿ 2019ರಲ್ಲಿ ನಿಯಮ ಬದಲಾಯಿಸಿದರು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಸಿಗುವುದಿಲ್ಲ ಎಂದರು. ಹಳ್ಳಿಗಳಲ್ಲಿ ಆರ್‌ಟಿಇ ದಾರಿ ಹೆಚ್ಚುಕಡಿಮೆ ಮುಚ್ಚಿತು. ಆದರೆ ಅಷ್ಟರಲ್ಲಿ ಜನಕ್ಕೆ ಕಾನ್ವೆಂಟು ರೂಢಿಯಾಗಿತ್ತು. ಸಂಘದಲ್ಲಿ ಸಾಲ ತೆಗೆದಾದರೂ ಕಳಿಸಿದರು.

ಅದೇ 2019ರಲ್ಲಿ ಇನ್ನೂ ಎರಡು ಸಂಗತಿ ಆದವು, ಎರಡೂ ನಮ್ಮ ಜಿಲ್ಲೆಗೆ ಹತ್ತಿರದವು. ಎಸ್‌ಎಸ್‌ಎಲ್‌ಸಿಯಲ್ಲಿ ಹಾಸನ ರಾಜ್ಯಕ್ಕೇ ಮೊದಲ ಸ್ಥಾನಕ್ಕೆ ಬಂತು. ಮತ್ತೆ, ಹೊಳೆನರಸೀಪುರ ತಾಲ್ಲೂಕಿನವರೇ ಆದ ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, ಸಾಹಿತಿಗಳ ವಿರೋಧದ ನಡುವೆಯೂ, ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಕನ್ನಡಕ್ಕೆ ಏಟು ಬೀಳುತ್ತದೆ ಎಂದು ಬರೆಯುವವರು ಹೇಳಿದ್ದರಲ್ಲಿ ನಿಜ ಇದೆ. ಆದರೆ ಊರಿನಲ್ಲಿ ಯಾರನ್ನೇ ಕೇಳಿ, ಕಾನ್ವೆಂಟಿಗೆ ಕಳಿಸಲು ಹೇಳುವ ಮೊದಲ ಕಾರಣ ಇಂಗ್ಲಿಷು. ಎರಡನೆಯದು ಎಲ್‌ಕೆಜಿ. ಈ ಎರಡನೆಯ ಕಾರಣದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಹೆಚ್ಚಿನ ಸರ್ಕಾರಿ ಶಾಲೆಗಳು ಶುರುವಾಗುವುದೇ ಒಂದನೇ ತರಗತಿಯಿಂದ. ಮೂರೂವರೆ ವರ್ಷಕ್ಕೆ ಮಗು ಒಮ್ಮೆ ವ್ಯಾನು ಹತ್ತಿತು ಅಂದರೆ, ಆರು ವರ್ಷಕ್ಕೆ ಅದನ್ನು ಇಳಿಸಿ ಇಲ್ಲಿಗೆ ಕರೆತರುವವರು ಯಾರು?

ನನ್ನ ಮಗಳೂ ಹಾಗೇ ಎಲ್‌ಕೆಜಿಗೆ ಹತ್ತಿದವಳು. ಶಾಲೆ ಮುಚ್ಚಿದಾಗ ಎರಡನೇ ಕ್ಲಾಸಿನಲ್ಲಿದ್ದಳು.

2020ರ ಜೂನ್‌ನಲ್ಲಿ ಆಗಿನ ಶಿಕ್ಷಣ ಸಚಿವ ಸುರೇಶ್ ಕುಮಾರ್ ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡ ಎಂದರು. ಮೊದಲು ಐದನೇ ತರಗತಿವರೆಗೆ, ಆಮೇಲೆ ಏಳರವರೆಗೆ ನಿಷೇಧ. ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಕಾನ್ವೆಂಟಿನಿಂದ ಮೆಸೇಜು ಬಂತು: ಸೋಮವಾರದಿಂದ ಕ್ಲಾಸು, ಮೊದಲ ಕಂತು ಕಟ್ಟಿ.

ನಮ್ಮಲ್ಲಿ ಇದ್ದಿದ್ದು ಒಂದೇ ಸ್ಮಾರ್ಟ್‌ಫೋನು. ಮನೆಯೊಳಗೆ ಸಿಗ್ನಲ್ ಇಲ್ಲ. ಕಾಫಿ ಕಣದ ಮೂಲೆಯಲ್ಲಿ, ನೀರಿನ ತೊಟ್ಟಿಯ ಪಕ್ಕ ನಿಂತರೆ ಎರಡು ಕಡ್ಡಿ ಸಿಗ್ನಲ್ ಬರುತ್ತಿತ್ತು. ಮಲೆನಾಡಿನ ಜುಲೈ ಮಳೆ ನಿಮಗೆ ಗೊತ್ತಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಮಗಳನ್ನು ಕೂರಿಸಿ, ನಾನು ಹಿಂದೆ ಛತ್ರಿ ಹಿಡಿದು ನಿಲ್ಲುತ್ತಿದ್ದೆ. ಫೋನನ್ನು ಪಾರದರ್ಶಕ ಕವರಿನಲ್ಲಿ ಹಾಕಿದ್ದೆವು. ಮಿಸ್ಸಿನ ಮುಖ ಬರುತ್ತಿತ್ತು, ನಿಲ್ಲುತ್ತಿತ್ತು, ಮಾತು ತುಂಡು ತುಂಡಾಗಿ ಕೇಳುತ್ತಿತ್ತು. "ಆರ್ ಯು ಏಬಲ್ ಟು ಹಿಯರ್ ಮೀ" ಎನ್ನುವುದೊಂದನ್ನು ಅವಳು ಆ ವರ್ಷ ಚೆನ್ನಾಗಿ ಕಲಿತಳು. ಕರೆಂಟು ಹೋಗಿ ಟವರ್ ಮಲಗಿದರೆ ಎರಡು ಮೂರು ದಿನ ಅದೂ ಇಲ್ಲ.

ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಶುರು ಮಾಡಿತು. ಫೋನು ಇಲ್ಲದವರು, ಸಾದಾ ಫೋನು ಇರುವವರು, ಸ್ಮಾರ್ಟ್‌ಫೋನು ಇರುವವರು ಎಂದು ಮಕ್ಕಳನ್ನು ವಿಂಗಡಿಸಿ, ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಬೇಕು. ಜನ ಇದನ್ನು ವಠಾರ ಶಾಲೆ ಎಂದೂ ಕರೆದರು. ನಮ್ಮೂರಲ್ಲಿ ದೇವಸ್ಥಾನದ ಜಗುಲಿ ಮೇಲೆ ಪಾಠ. ಮೇಷ್ಟ್ರು ರೈನ್‌ಕೋಟು ಹಾಕಿಕೊಂಡು ಬೈಕಿನಲ್ಲಿ ಬರುತ್ತಿದ್ದರು, ಹಿಂದೆ ಒಂದು ಚಿಕ್ಕ ಕರಿಹಲಗೆ ಕಟ್ಟಿಕೊಂಡು. ಎಂಟು ಹತ್ತು ಮಕ್ಕಳು ದೂರ ದೂರ ಕೂತು ಮಗ್ಗಿ ಹೇಳುತ್ತಿದ್ದರು. ಮಧ್ಯಾಹ್ನದ ಊಟದ ಬದಲಿಗೆ ಆ ಮಕ್ಕಳ ಮನೆಗೆ ಅಕ್ಕಿ, ಬೇಳೆ ಹೋಗುತ್ತಿತ್ತು. ನನ್ನ ಮಗಳು ಕಣದಿಂದ ಅವರನ್ನೇ ನೋಡುತ್ತಿದ್ದಳು. ಒಂದು ದಿನ ಕೇಳಿದಳು, "ಅಮ್ಮಾ, ನಾನೂ ಅಲ್ಲಿಗೆ ಹೋಗ್ಲಾ?"

ಆ ಪ್ರಶ್ನೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಂದಿರಬೇಕು. ದುಡ್ಡು ತೆಗೆದುಕೊಂಡ ಶಾಲೆ ಫೋನಿನಲ್ಲಿ ಸಿಕ್ಕಿಹಾಕಿಕೊಂಡಿತ್ತು, ದುಡ್ಡು ಕೇಳದ ಶಾಲೆ ಮನೆ ಬಾಗಿಲಿಗೆ ಬಂದಿತ್ತು. ಆದರೆ ಅದೂ ಉಳಿಯಲಿಲ್ಲ. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ಆಮೇಲೆ ಎರಡೂ ಕಡೆಯ ಮಕ್ಕಳಿಗೆ ಉಳಿದಿದ್ದು ಚಂದನ ವಾಹಿನಿಯ ಪಾಠ, ಕರೆಂಟಿದ್ದಾಗ.

ಫೀಸಿನ ಜಗಳ ಜೋರಾಗಿದ್ದು ಆಮೇಲೆ. 2021ರ ಜನವರಿ ಕೊನೆಯಲ್ಲಿ ಸರ್ಕಾರ ಬೋಧನಾ ಶುಲ್ಕದಲ್ಲಿ ಶೇ 70ರಷ್ಟನ್ನು ಮಾತ್ರ ತೆಗೆದುಕೊಳ್ಳಿ ಎಂದಿತು. ಶಾಲೆಗಳು ಕೋರ್ಟಿಗೆ ಹೋದವು. ರಾಜಸ್ಥಾನದ ಕೇಸಿನಲ್ಲಿ ಸುಪ್ರೀಂ ಕೋರ್ಟು ಶೇ 15ರಷ್ಟು ಕಡಿತ ಸಾಕು ಎಂದಿದ್ದನ್ನೇ ಹಿಡಿದು, ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಇಲ್ಲಿಯೂ ಶೇ 85ರಷ್ಟು ಪಡೆಯಬಹುದು ಎಂದಿತು. ಅಷ್ಟು ಹೊತ್ತಿಗೆ ಕಟ್ಟುವವರು ಕಟ್ಟಿಯಾಗಿತ್ತು, ಬಿಡುವವರು ಬಿಟ್ಟಾಗಿತ್ತು.

ಖಾಸಗಿ ಶಾಲೆಗಳನ್ನು ಸುಮ್ನೆ ಬೈಯುವುದೂ ತಪ್ಪು. ಊರಿನ ಚಿಕ್ಕ ಕಾನ್ವೆಂಟುಗಳಿಗೆ ಫೀಸು ಬಿಟ್ಟರೆ ಬೇರೆ ಆದಾಯ ಇಲ್ಲ. ಫೀಸು ನಿಂತರೆ ಸಂಬಳವೂ ನಿಂತಿತು. ನನ್ನ ಮಗಳಿಗೆ ಕಣದ ಮೂಲೆಯಲ್ಲಿ ಫೋನಿನಲ್ಲಿ ಪಾಠ ಮಾಡಿದ ಅದೇ ಮಿಸ್ಸು 2020ರ ಡಿಸೆಂಬರ್‌ನಲ್ಲಿ ಪಕ್ಕದ ಎಸ್ಟೇಟಿಗೆ ಕಾಫಿ ಹಣ್ಣು ಕೊಯ್ಯಲು ಬಂದಿದ್ದರು. ಬಿ.ಎಡ್. ಮಾಡಿದವರು. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡರು, ನಾನೂ ಮಾತಾಡಿಸಲು ಆಗದೆ ಬಂದುಬಿಟ್ಟೆ. ಮುಂದಿನ ಜೂನ್‌ನಲ್ಲಿ ಸರ್ಕಾರ ಅನುದಾನರಹಿತ ಶಾಲೆಯ ಶಿಕ್ಷಕರಿಗೆ ಒಂದು ಸಲಕ್ಕೆ 5,000 ರೂಪಾಯಿ ಘೋಷಿಸಿತು. ಒಂದೂಕಾಲು ವರ್ಷದ ಕಷ್ಟಕ್ಕೆ ಐದು ಸಾವಿರ.

ಆ ಜೂನ್‌ನಲ್ಲೇ ನಾವು ಮಗಳನ್ನು ನಾಲ್ಕನೇ ತರಗತಿಗೆ ಊರಿನ ಶಾಲೆಗೆ ಸೇರಿಸಿದೆವು. ಟಿಸಿ ಕೊಡಲು ಕಾನ್ವೆಂಟಿನವರು ಸತಾಯಿಸಿದರು, ಹಳೆ ಬಾಕಿ ಕಟ್ಟಿ ಎಂದರು. ಮಗು ಶಾಲೆ ಬದಲಿಸಿದರೆ ಟಿಸಿ ತಕ್ಷಣ ಕೊಡಬೇಕು, ಟಿಸಿ ತಡವಾಯಿತು ಎಂದು ಹೊಸ ಶಾಲೆ ದಾಖಲಾತಿ ನಿಲ್ಲಿಸುವ ಹಾಗಿಲ್ಲ. ಇದು ಆರ್‌ಟಿಇ ಕಾಯ್ದೆಯ 5ನೇ ಸೆಕ್ಷನ್ನಿನಲ್ಲೇ ಇದೆ. ನಮ್ಮ ಮೇಷ್ಟ್ರು ಅದನ್ನು ಹೇಳಿ, "ಟಿಸಿ ನಿಧಾನಕ್ಕೆ ಬರ್ಲಿ ಬಿಡಮ್ಮ, ಮಗೂನ ಕಳ್ಸಿ" ಎಂದರು.

ಒಂದರಿಂದ ಐದನೇ ತರಗತಿಯ ಬಾಗಿಲು ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ, ಹತ್ತೊಂಬತ್ತು ತಿಂಗಳ ಮೇಲೆ. ಮೊದಲ ವಾರ ಮೇಷ್ಟ್ರು ಎಲ್ಲರಿಂದ ಓದಿಸಿದರು. ಮಗಳಿಗೆ ಒತ್ತಕ್ಷರ ಮರೆತೇ ಹೋಗಿತ್ತು, "ಅಮ್ಮ" ಎನ್ನುವ ಪದದಲ್ಲೇ ತಡವರಿಸಿದಳು. ಜಗುಲಿ ಪಾಠ ಕೇಳಿದ್ದ ಮಕ್ಕಳೂ ಅಷ್ಟೇ, ಕೂಡುವುದು ಬರುತ್ತಿತ್ತು, ಕಳೆಯುವುದು ಬರುತ್ತಿರಲಿಲ್ಲ. ನಾವು ದೊಡ್ಡವರು ಯಾವ ಶಾಲೆ ಮೇಲು ಎಂದು ವಾದ ಮಾಡುತ್ತಿದ್ದಾಗ, ಎರಡೂ ಶಾಲೆಯ ಮಕ್ಕಳು ಒಂದೇ ಸಮನಾಗಿ ಹಿಂದೆ ಬಿದ್ದಿದ್ದರು. ಸರ್ಕಾರ 2022ರಲ್ಲಿ ಕಲಿಕಾ ಚೇತರಿಕೆ ಎಂದು ಇಡೀ ವರ್ಷವನ್ನೇ ಅದಕ್ಕೆ ಇಟ್ಟಿತು.

ಆಗ ಸರ್ಕಾರಿ ಶಾಲೆಗೆ ಬಂದವರು ಕಡಿಮೆ ಜನವೇನಲ್ಲ. ಹಳ್ಳಿ ಮಕ್ಕಳ ಓದಿನ ಬಗ್ಗೆ ಸಮೀಕ್ಷೆ ಮಾಡುವ ಅಸರ್ ವರದಿಯ ಪ್ರಕಾರ, ದೇಶದ ಹಳ್ಳಿಗಳಲ್ಲಿ 6ರಿಂದ 14 ವರ್ಷದ ಮಕ್ಕಳ ಪೈಕಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ 65.6, 2022ರಲ್ಲಿ ಶೇ 72.9. 2024ಕ್ಕೆ ಮತ್ತೆ ಶೇ 66.8. ಅಂದರೆ ಬಂದವರಲ್ಲಿ ಹೆಚ್ಚಿನವರು ಹೊರಟುಹೋದರು. ಇದು ನನಗೆ ತುಂಬಾ ನೋವಾಗುವ ವಿಷಯ. ಕೇಳದೆ ಬಂದ ಮಕ್ಕಳು, ನಂಬಿ ಬಂದ ಹೆತ್ತವರು, ಅವರನ್ನು ಉಳಿಸಿಕೊಳ್ಳಬಹುದಿತ್ತು. ನಮ್ಮ ಶಾಲೆಯನ್ನೇ ಹೇಳುತ್ತೇನೆ: ಮಕ್ಕಳು ಜಾಸ್ತಿಯಾದರು, ಮೇಷ್ಟ್ರು ಇಬ್ಬರೇ ಉಳಿದರು. ಅತಿಥಿ ಶಿಕ್ಷಕಿ ಬಂದಿದ್ದು ವರ್ಷ ಅರ್ಧ ಆದ ಮೇಲೆ. ಮಳೆಗಾಲದಲ್ಲಿ ಒಂದು ಕೊಠಡಿ ಸೋರುತ್ತಿತ್ತು, ಮೂರು ತರಗತಿ ಒಂದೇ ಕಡೆ ಕೂತವು. ಎರಡು ವರ್ಷ ಕಾದು ನೋಡಿದ ನಾಲ್ಕು ಮನೆಯವರು ಮತ್ತೆ ವ್ಯಾನಿಗೆ ಮಕ್ಕಳನ್ನು ಹತ್ತಿಸಿದರು. ಅವರನ್ನು ನಾನು ತಪ್ಪು ಎನ್ನಲಾರೆ.

ನನ್ನ ಮಗಳು ಅಲ್ಲೇ ಉಳಿದು ಏಳನೇ ತರಗತಿ ಮುಗಿಸಿದಳು. ಹೆತ್ತವರೂ ಇರುವ ಶಾಲಾ ಸಮಿತಿ ಎಸ್‌ಡಿಎಂಸಿಯಲ್ಲಿ ನಾನೂ ಇದ್ದೆ, ಎಲ್‌ಕೆಜಿ ಮತ್ತು ಇಂಗ್ಲಿಷ್ ವಿಭಾಗ ಬೇಕು ಎಂದು ಅರ್ಜಿ ಬರೆದುಕೊಟ್ಟೆವು. ಸರ್ಕಾರದ್ದೇ ಆದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ ಇದೆ, ಆದರೆ ಅವು ನಮ್ಮೂರಿಗೆ ದೂರ, ಅಷ್ಟು ದೂರಕ್ಕೆ ಎಳೆ ಮಗು ನಡೆದು ಹೋಗುತ್ತದಾ?

ಪಕ್ಕದ ಮನೆಯ ಹುಡುಗನಿಗೆ ಈಗ ಮೂರು ತುಂಬಿದೆ. ಅವರಮ್ಮ ಮೊನ್ನೆ ಬೇಲಿ ಹತ್ತಿರ ನಿಂತು ಕೇಳಿದರು, "ಅಕ್ಕಾ, ನಿಮ್ಮ ಶಾಲೇಲಿ ಎಲ್‌ಕೆಜಿ ಶುರು ಆಗುತ್ತಂತಾ? ವ್ಯಾನಿನವರು ಅಡ್ವಾನ್ಸ್ ಕೇಳ್ತಾವ್ರೆ." ಮೇಷ್ಟ್ರನ್ನು ವಿಚಾರಿಸಿದೆ. ಅರ್ಜಿ ಮೇಲಕ್ಕೆ ಹೋಗಿದೆ, ಇನ್ನೂ ಏನೂ ಬಂದಿಲ್ಲ ಎಂದರು. ತಿಂಗಳ ಕೊನೆವರೆಗೆ ಕಾಯಿರಿ ಎಂದು ಅವರಿಗೆ ಹೇಳಿದ್ದೇನೆ.