ಕ್ಯಾಮೆರಾ ಮುಂದೆ ಗಂಡ-ಹೆಂಡತಿ: ನಾಯಕರ ಒಲವು ಸುದ್ದಿಯಾದ ಕಥೆ

2025ರ ಮೇ 25. ವಿಯೆಟ್ನಾಂನ ಹನೋಯ್ ವಿಮಾನ ನಿಲ್ದಾಣ. ಫ್ರಾನ್ಸ್ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರಾನ್ ಬಂದ ವಿಮಾನದ ಬಾಗಿಲು ತೆರೆಯಿತು. ಕೆಂಪು ತೋಳಿನ ಎರಡು ಕೈಗಳು ಪಕ್ಕದಿಂದ ಬಂದು ಅವರ ಮುಖವನ್ನು ಹಿಂದಕ್ಕೆ ತಳ್ಳಿದವು. ಆ ಕೈಗಳು ಹೆಂಡತಿ ಬ್ರಿಜಿತ್ ಅವರದು. ಮ್ಯಾಕ್ರಾನ್ ಒಂದು ಕ್ಷಣ ತಬ್ಬಿಬ್ಬಾದರು. ಬಾಗಿಲು ತೆರೆದಿದೆ ಅಂತ ಗೊತ್ತಾದ ಕೂಡಲೇ ನಗುತ್ತಾ ಹೊರಗಿನವರಿಗೆ ಕೈ ಬೀಸಿದರು. ಮೆಟ್ಟಿಲಿಳಿಯುವಾಗ ಹೆಂಡತಿಗೆ ತೋಳು ಕೊಟ್ಟರು. ಆಕೆ ಹಿಡಿದುಕೊಳ್ಳಲಿಲ್ಲ.

ಅಷ್ಟೇ ನಡೆದದ್ದು. ಆದರೆ ಆ ಕೆಲವು ಸೆಕೆಂಡುಗಳ ವಿಡಿಯೋ ಜಗತ್ತೆಲ್ಲ ಸುತ್ತಿತು. ಜಗಳವೋ, ಹುಡುಗಾಟವೋ ಅಂತ ಚರ್ಚೆಯೋ ಚರ್ಚೆ. ನಾವು ತಮಾಷೆ ಮಾಡಿಕೊಳ್ಳುತ್ತಿದ್ದೆವು ಅಂತ ಸ್ವತಃ ಅಧ್ಯಕ್ಷರೇ ವಿವರಣೆ ಕೊಡಬೇಕಾಯಿತು. ಅದೇ ಪ್ರವಾಸದಲ್ಲಿ ವಿಯೆಟ್‌ಜೆಟ್ ಕಂಪನಿ 20 ಏರ್‌ಬಸ್ ವಿಮಾನಗಳ ಖರೀದಿಗೆ ಸಹಿ ಹಾಕಿತು. ಅದು ಎಷ್ಟು ಜನರಿಗೆ ನೆನಪಿದೆ ಹೇಳಿ?

ಇದೇ ಫ್ರಾನ್ಸ್‌ನಲ್ಲಿ ಹಿಂದೆ ಫ್ರಾನ್ಸ್ವಾ ಮಿತ್ತೆರಾಂ ಎಂಬ ಅಧ್ಯಕ್ಷರಿದ್ದರು. ಅವರಿಗೆ ಎರಡನೇ ಸಂಸಾರವಿತ್ತು, ಮಗಳಿದ್ದಳು. ಪ್ಯಾರಿಸ್‌ನ ಎಷ್ಟೋ ಪತ್ರಕರ್ತರಿಗೆ ಅದು ಗೊತ್ತಿತ್ತು. ಆದರೂ 1994ರವರೆಗೆ ಯಾರೂ ಫೋಟೋ ಅಚ್ಚು ಹಾಕಲಿಲ್ಲ. ಮಲಗುವ ಕೋಣೆ ಅವರವರದು ಎಂಬ ಮಾತಿಗೆ ಅಲ್ಲಿ ಬೆಲೆಯಿತ್ತು. ನಾಯಕರ ಕೈ ಯಾರ ಕೈಯಲ್ಲಿದೆ ಅಂತ ಭೂತಗನ್ನಡಿ ಹಿಡಿದು ನೋಡುವ ಚಟ ಬೆಳೆದದ್ದು ಅಮೆರಿಕದಲ್ಲಿ. ಇದಕ್ಕೆ ಬರೀ ಮಾಧ್ಯಮದವರನ್ನು ಬೈದರೆ ಸಾಲದು. ಬಾಗಿಲು ತೆರೆದು ಒಳಗೆ ಕರೆದವರು ನಾಯಕರೇ.

1952ರ ಸೆಪ್ಟೆಂಬರ್ 23ಕ್ಕೆ ಹೋಗೋಣ. ರಿಚರ್ಡ್ ನಿಕ್ಸನ್ ಆಗ ಉಪಾಧ್ಯಕ್ಷ ಹುದ್ದೆಗೆ ಅಭ್ಯರ್ಥಿ. ಬೆಂಬಲಿಗರು ಕೂಡಿಸಿಕೊಟ್ಟ 18,000 ಡಾಲರ್ ನಿಧಿಯ ಬಗ್ಗೆ ಆರೋಪ ಎದ್ದಿತ್ತು. ಪಕ್ಷ ಅವರನ್ನು ಕೈಬಿಡುವ ಹಂತಕ್ಕೆ ಬಂದಿತ್ತು. ನಿಕ್ಸನ್ ಟಿವಿಗೆ ಬಂದು ಅರ್ಧ ಗಂಟೆ ಮಾತನಾಡಿದರು. ಸುಮಾರು 6 ಕೋಟಿ ಜನ ನೋಡಿದರು. ಪಕ್ಕದಲ್ಲಿ ಒಂದು ಕುರ್ಚಿಯಲ್ಲಿ ಹೆಂಡತಿ ಪ್ಯಾಟ್ ಕೂತಿದ್ದರು. ಒಂದೂ ಮಾತಾಡಲಿಲ್ಲ. ಕ್ಯಾಮೆರಾ ಆಗಾಗ ಆಕೆಯ ಕಡೆ ತಿರುಗುತ್ತಿತ್ತು. ನನ್ನ ಹೆಂಡತಿಗೆ ದುಬಾರಿ ಮಿಂಕ್ ತುಪ್ಪಟದ ಕೋಟು ಇಲ್ಲ, ಇರುವುದು ಸಾದಾ ಬಟ್ಟೆಯ ಕೋಟು ಎಂದರು ನಿಕ್ಸನ್. ಮನೆಯ ಲೆಕ್ಕ, ಸಾಲವನ್ನೆಲ್ಲ ಊರಿಗೆ ಸಾರುವುದು ಪ್ಯಾಟ್‌ಗೆ ಸುತರಾಂ ಇಷ್ಟವಿರಲಿಲ್ಲ. ಆದರೂ ಕೂತರು. ನಿಕ್ಸನ್ ಉಳಿದುಕೊಂಡರು.

ಅಲ್ಲಿ ಮುತ್ತಿರಲಿಲ್ಲ, ಅಪ್ಪುಗೆ ಇರಲಿಲ್ಲ, ಕೈ ಕೂಡ ತಾಕಲಿಲ್ಲ. ಆದರೆ ಗಂಡ ಪ್ರಾಮಾಣಿಕ ಅನ್ನುವುದಕ್ಕೆ ಹೆಂಡತಿಯೇ ಸಾಕ್ಷಿ ಎಂಬ ಲೆಕ್ಕ ಶುರುವಾಗಿತ್ತು. ಮುಂದೆ ಆದದ್ದೆಲ್ಲ ಈ ಲೆಕ್ಕದ ಬಡ್ಡಿ, ಚಕ್ರಬಡ್ಡಿ.

ನಡುವಿನ ವರ್ಷಗಳಲ್ಲಿ ಹೆಂಡತಿಯರು ನಿಧಾನಕ್ಕೆ ವೇದಿಕೆಯ ಮಧ್ಯಕ್ಕೆ ಬಂದರು. 1965ರಲ್ಲಿ ಲಿಂಡನ್ ಜಾನ್ಸನ್ ಪ್ರಮಾಣವಚನ ಸ್ವೀಕರಿಸುವಾಗ ಬೈಬಲ್ ಹಿಡಿದು ನಿಂತದ್ದು ಹೆಂಡತಿ ಲೇಡಿ ಬರ್ಡ್. ಅಧ್ಯಕ್ಷರ ಹೆಂಡತಿಯೊಬ್ಬರು ಆ ಕೆಲಸ ಮಾಡಿದ್ದು ಅದೇ ಮೊದಲು. 1974ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಹೆಂಡತಿ ಬೆಟ್ಟಿ ಬಂದರು. ಶ್ವೇತಭವನದಲ್ಲೂ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತೇವೆ ಅಂತ ಯಾವ ಮುಜುಗರವೂ ಇಲ್ಲದೆ ಹೇಳಿದರು. ಛೆ, ಇದೇನು ಅಂತ ಕೆಲವರು ಕಾಗದ ಬರೆದು ಆಕ್ಷೇಪಿಸಿದರಂತೆ! ಗಂಡ-ಹೆಂಡತಿ ಒಂದೇ ಕೋಣೆಯಲ್ಲಿ ಮಲಗಿದರೆ ಅದಕ್ಕೂ ತಕರಾರು.

1977ರ ಜನವರಿ 20ರಂದು ಜಿಮ್ಮಿ ಕಾರ್ಟರ್ ಮಾಡಿದ್ದು ಇನ್ನೂ ದೊಡ್ಡ ಹೆಜ್ಜೆ. ಪ್ರಮಾಣವಚನ ಮುಗಿಸಿ ಕಾರಿನಲ್ಲಿ ಹೊರಟವರು ಇಳಿದುಬಿಟ್ಟರು. ಹೆಂಡತಿ ರೊಸಲಿನ್ ಕೈ ಹಿಡಿದು, ಪುಟ್ಟ ಮಗಳು ಏಮಿಯನ್ನೂ ಕರೆದುಕೊಂಡು, ಪೆನ್ಸಿಲ್ವೇನಿಯಾ ಅವೆನ್ಯೂ ಉದ್ದಕ್ಕೂ ಶ್ವೇತಭವನದವರೆಗೆ ನಡೆದರು. ಒಂದು ಮೈಲಿಗಿಂತ ಜಾಸ್ತಿ ದೂರ. ಕೊರೆಯುವ ಚಳಿ ಬೇರೆ. ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಪ್ರಕರಣವನ್ನು ಮುಚ್ಚಿಹಾಕಲು ಹೊರಟ ವಾಟರ್‌ಗೇಟ್ ಹಗರಣದಿಂದ ನಿಕ್ಸನ್ ಅಧ್ಯಕ್ಷ ಹುದ್ದೆಗೆ ರಾಜೀನಾಮೆ ಕೊಟ್ಟು ಮೂರು ವರ್ಷವೂ ಆಗಿರಲಿಲ್ಲ. ಮುಚ್ಚಿದ ಕಾರು, ಮುಚ್ಚಿದ ಬಾಗಿಲು, ಗುಟ್ಟಿನ ಟೇಪು ನೋಡಿ ಜನ ಬೇಸತ್ತಿದ್ದರು. ನಾವು ನಿಮ್ಮ ಥರದವರೇ ಅಂತ ಆ ನಡಿಗೆ ಹೇಳಿತು. ಅಂದಹಾಗೆ ಕಾರ್ಟರ್ ದಂಪತಿ 1946ರಲ್ಲಿ ಮದುವೆಯಾದವರು. 2023ರಲ್ಲಿ ರೊಸಲಿನ್ ತೀರಿಕೊಳ್ಳುವವರೆಗೆ 77 ವರ್ಷ ಜೊತೆಗಿದ್ದರು. ಕೈ ಹಿಡಿದದ್ದು ತೋರಿಕೆಗೆ ಅಂತ ಅವರ ವಿರೋಧಿಗಳೂ ಹೇಳಲಾರರು.

ಕಾರ್ಟರ್ ನಂತರ ಅಧ್ಯಕ್ಷರಾದ ರೊನಾಲ್ಡ್ ರೇಗನ್, ಹೆಂಡತಿ ನ್ಯಾನ್ಸಿ ಇಬ್ಬರೂ ಸಿನಿಮಾದವರು. ಕ್ಯಾಮೆರಾ ಎಲ್ಲಿದೆ ಅಂತ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಗಂಡ ಭಾಷಣ ಮಾಡುವಾಗ ನ್ಯಾನ್ಸಿ ಕಣ್ಣು ಮಿಟುಕಿಸದೆ ನೋಡುತ್ತಾ ಕೂರುವುದು ಪತ್ರಿಕೆಗಳಲ್ಲಿ ಹಾಸ್ಯದ ವಸ್ತುವಾಯಿತು. 1984ರಲ್ಲಿ ಡಲ್ಲಾಸ್‌ನಲ್ಲಿ ಪಕ್ಷದ ಸಮಾವೇಶ. ನ್ಯಾನ್ಸಿ ವೇದಿಕೆಯ ಮೇಲೆ, ಗಂಡ ಹೋಟೆಲ್ ಕೋಣೆಯಲ್ಲಿ ಟಿವಿ ಮುಂದೆ. ಹಿಂದಿದ್ದ ದೊಡ್ಡ ಪರದೆಯಲ್ಲಿ ಗಂಡನ ಚಿತ್ರ ಬಂತು. ಆಕೆ ತಿರುಗಿ ಪರದೆಗೆ ಕೈ ಬೀಸಿದರು, ಅವರು ಟಿವಿಯಲ್ಲಿ ಆಕೆಯನ್ನು ನೋಡಿ ಮರಳಿ ಕೈ ಬೀಸಿದರು. ಸಭಾಂಗಣ ಹುಚ್ಚೆದ್ದು ಕೂಗಿತು. ಈಗ ವಿಡಿಯೋ ಕಾಲ್‌ನಲ್ಲಿ ನಾವೆಲ್ಲ ಮಾಡುವುದು ಇದನ್ನೇ. ಆಗ ಅದು ಪವಾಡ.

ತೋರಿಸಿದರೆ ಲಾಭ ಅಂತಾದ ಮೇಲೆ ತೋರಿಸದಿದ್ದರೆ ನಷ್ಟ ಆಗಲೇಬೇಕಲ್ಲ? 1988ರ ಅಕ್ಟೋಬರ್ 13ರಂದು ಮೈಕಲ್ ಡುಕಾಕಿಸ್‌ಗೆ ಅದರ ಬಿಸಿ ತಟ್ಟಿತು. ಅಧ್ಯಕ್ಷ ಚುನಾವಣೆಯ ಎರಡನೇ ಟಿವಿ ಚರ್ಚೆ. ಡುಕಾಕಿಸ್ ಮರಣದಂಡನೆಗೆ ವಿರೋಧಿ. ನಿರೂಪಕ ಬರ್ನಾರ್ಡ್ ಶಾ ಮೊದಲ ಪ್ರಶ್ನೆಯನ್ನೇ ಕಲ್ಲಿನಂತೆ ಎಸೆದರು: ನಿಮ್ಮ ಹೆಂಡತಿ ಕಿಟ್ಟಿಯ ಮೇಲೆ ಅತ್ಯಾಚಾರವಾಗಿ ಕೊಲೆಯಾದರೆ, ಕೊಂದವನಿಗೆ ಗಲ್ಲು ಬೇಕು ಅನ್ನುತ್ತೀರಾ? ಡುಕಾಕಿಸ್ ಶಾಂತವಾಗಿ ಇಲ್ಲ ಎಂದರು. ಅಪರಾಧ ತಡೆಯಲು ಬೇರೆ ದಾರಿಗಳಿವೆ ಅಂತ ವಿವರಿಸಿದರು. ತಾತ್ವಿಕವಾಗಿ ನೋಡಿದರೆ ಅದು ನೇರವಾದ ಉತ್ತರ. ಆದರೆ ನೋಡುವವರಿಗೆ ಕಂಡದ್ದು ಹೆಂಡತಿಯ ಸಾವಿನ ಮಾತಿಗೂ ಮುಖ ಕದಲಿಸದ ಗಂಡ. ನನ್ನ ಮಟ್ಟಿಗೆ ಆ ಪ್ರಶ್ನೆಯೇ ಅತಿರೇಕದ್ದು. ಚುನಾವಣೆಯಲ್ಲಿ ಡುಕಾಕಿಸ್ 40 ರಾಜ್ಯಗಳನ್ನು ಕಳೆದುಕೊಂಡರು. ಆ ಉತ್ತರವೊಂದೇ ಕಾರಣವಲ್ಲ ನಿಜ, ಆದರೆ ಮುಂದಿನ ಅಭ್ಯರ್ಥಿಗಳೆಲ್ಲ ಅದರಿಂದ ಪಾಠ ಕಲಿತರು.

ಆಮೇಲೆ ಕ್ಲಿಂಟನ್. 1992ರ ಜನವರಿಯಲ್ಲಿ ಪರಸ್ತ್ರೀ ಸಂಬಂಧದ ಆರೋಪಕ್ಕೆ ಉತ್ತರ ಕೊಡಲು ಬಿಲ್ ಮತ್ತು ಹಿಲರಿ ಟಿವಿ ಸಂದರ್ಶನಕ್ಕೆ ಒಟ್ಟಿಗೆ ಕೂತರು. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಪಂದ್ಯ ಮುಗಿದ ಕೂಡಲೇ ಪ್ರಸಾರ, ಹಾಗಾಗಿ ಇಡೀ ದೇಶ ಟಿವಿ ಮುಂದಿತ್ತು. ಚಿತ್ರೀಕರಣದ ನಡುವೆ ಒಂದು ದೀಪ ಕಳಚಿ ಹಿಲರಿ ಪಕ್ಕ ಬಿತ್ತು. ಬಿಲ್ ತಕ್ಷಣ ಆಕೆಯನ್ನು ತಮ್ಮ ಕಡೆ ಎಳೆದುಕೊಂಡರು. ಪ್ರಚಾರ ತಂಡ ಎಷ್ಟು ಯೋಚಿಸಿದರೂ ಇಂಥ ದೃಶ್ಯ ಹೊಳೆಯುತ್ತಿರಲಿಲ್ಲ.

1998ರ ಜನವರಿಯಲ್ಲಿ ಇನ್ನೊಂದು ಚಿತ್ರ. ಕೆರಿಬಿಯನ್ ದ್ವೀಪವೊಂದರ ಸಮುದ್ರ ತೀರದಲ್ಲಿ ಈಜುಡುಗೆ ತೊಟ್ಟ ಅಧ್ಯಕ್ಷ ದಂಪತಿ ಅಪ್ಪಿಕೊಂಡು ಕುಣಿಯುತ್ತಿದ್ದಾರೆ. ದೂರದಿಂದ ತೆಗೆದ ಫೋಟೋ. ಇದು ನಮ್ಮ ಖಾಸಗಿತನಕ್ಕೆ ಧಕ್ಕೆ ಅಂತ ಶ್ವೇತಭವನ ದೂರಿತು. ಬೇಕಂತಲೇ ಕುಣಿದರೇನೋ ಅಂತ ಕೆಲವರು ಗುಮಾನಿಪಟ್ಟರು. ಅದೇ ತಿಂಗಳು, ಶ್ವೇತಭವನದಲ್ಲಿ ತರಬೇತಿಗೆ ಬಂದಿದ್ದ ಮೋನಿಕಾ ಲೆವಿನ್‌ಸ್ಕಿ ಜೊತೆ ಕ್ಲಿಂಟನ್‌ಗೆ ಸಂಬಂಧವಿತ್ತು ಎಂಬ ಪ್ರಕರಣ ಸ್ಫೋಟವಾಯಿತು. ಆಗಸ್ಟ್ 17ರ ರಾತ್ರಿ ಕ್ಲಿಂಟನ್ ಟಿವಿಯಲ್ಲಿ ತಪ್ಪು ಒಪ್ಪಿಕೊಂಡರು. ಮರುದಿನ ರಜೆಗೆ ಹೊರಟ ಕುಟುಂಬ ಹೆಲಿಕಾಪ್ಟರ್ ಕಡೆ ನಡೆಯಿತು. ಮಧ್ಯದಲ್ಲಿ ಮಗಳು ಚೆಲ್ಸಿ, ಒಂದು ಕೈಯಲ್ಲಿ ಅಪ್ಪ, ಇನ್ನೊಂದು ಕೈಯಲ್ಲಿ ಅಮ್ಮ. ಗಂಡ-ಹೆಂಡತಿಯ ನಡುವಿನ ಅಂತರ ಎಷ್ಟು ಅಂತ ದೇಶವೇ ಅಳೆಯುತ್ತಾ ಕೂತಿತ್ತು.

ಸರಿಯಾಗಿ ಎರಡು ವರ್ಷದ ನಂತರ, 2000ದ ಆಗಸ್ಟ್ 17. ಕ್ಲಿಂಟನ್ ಅವರ ಉಪಾಧ್ಯಕ್ಷ ಆಲ್ ಗೋರ್ ಲಾಸ್ ಏಂಜಲೀಸ್‌ನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿತನ ಒಪ್ಪಿಕೊಳ್ಳಬೇಕಿತ್ತು. ಗೋರ್‌ಗೆ ಎರಡು ತಲೆನೋವು. ಒಂದು, ಮರದ ಕೊರಡಿನ ಹಾಗೆ ಬಿಗಿಯಾದ ಮನುಷ್ಯ ಎಂಬ ಹೆಸರು. ಇನ್ನೊಂದು, ಎಂಟು ವರ್ಷ ಜೊತೆಗಿದ್ದ ಕ್ಲಿಂಟನ್ ನೆರಳು. ಆ ನೆರಳಿನಿಂದ ದೂರ ಸರಿಯಲೆಂದೇ ಅವರು ಜೋ ಲೀಬರ್‌ಮನ್‌ರನ್ನು ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡಿದ್ದರು. ಸೆನೆಟ್‌ನಲ್ಲಿ ನಿಂತು ಕ್ಲಿಂಟನ್ ನಡತೆಯನ್ನು ಬಹಿರಂಗವಾಗಿ ಖಂಡಿಸಿದ್ದ ಸ್ವಪಕ್ಷೀಯ ಅವರು.

ಹೆಂಡತಿ ಟಿಪ್ಪರ್ ವೇದಿಕೆಯಲ್ಲಿ ಗಂಡನನ್ನು ಪರಿಚಯಿಸಿದರು. ಗೋರ್ ಜನರ ನಡುವಿನಿಂದ ಬಂದು ಮೇಲೆ ಹತ್ತಿದರು. ಕೆನ್ನೆಗೊಂದು ಪುಟ್ಟ ಮುತ್ತು ಕೊಟ್ಟು ಮೈಕಿನ ಕಡೆ ತಿರುಗುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವರು ಹೆಂಡತಿಯನ್ನು ಬಿಗಿದಪ್ಪಿ ತುಟಿಗೆ ಮುತ್ತಿಟ್ಟರು. ಸುಮಾರು ಮೂರು ಸೆಕೆಂಡು. ಟಿವಿಯಲ್ಲಿ ಮೂರು ಸೆಕೆಂಡು ಅಂದರೆ ಬಹಳ ದೀರ್ಘ, ಬೇಕಾದರೆ ಎಣಿಸಿ ನೋಡಿ. ಟಿಪ್ಪರ್ ಯಾರು ಅಂತ ನೆನಪಿಸಿಕೊಂಡರೆ ಇನ್ನಷ್ಟು ಮಜಾ. 1980ರ ದಶಕದಲ್ಲಿ ಹಾಡುಗಳಲ್ಲಿ ಅಶ್ಲೀಲ ಜಾಸ್ತಿಯಾಗಿದೆ, ಪೋಷಕರನ್ನು ಎಚ್ಚರಿಸುವ ಚೀಟಿ ಅಂಟಿಸಿ ಅಂತ ಹೋರಾಡಿದವರು ಇವರೇ.

ನಾನು ನನ್ನದೇ ವ್ಯಕ್ತಿತ್ವದ ಮನುಷ್ಯನಾಗಿ ನಿಂತಿದ್ದೇನೆ ಅಂತ ಗೋರ್ ಆ ರಾತ್ರಿಯ ಭಾಷಣದಲ್ಲಿ ಹೇಳಿದರು. ಅದನ್ನು ಮುತ್ತು ಆಗಲೇ ಹೇಳಿ ಮುಗಿಸಿತ್ತು. ಸಮಾವೇಶದ ನಂತರದ ಸಮೀಕ್ಷೆಗಳಲ್ಲಿ ಗೋರ್ ಮೇಲೇರಿದರು. ಲೆಕ್ಕ ಹಾಕಿ ಕೊಟ್ಟದ್ದೋ, ಮನಸಾರೆ ಕೊಟ್ಟದ್ದೋ ಅಂತ ವಾರಗಟ್ಟಲೆ ವಾದ ನಡೆಯಿತು. ಎರಡೂ ಇರಬಾರದೇಕೆ? ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿಯ ಮೇಲೆ ಪ್ರೀತಿಯೂ ಇರಬಹುದು, ಕ್ಯಾಮೆರಾ ಎಲ್ಲಿದೆ ಎಂಬ ಅರಿವೂ ಇರಬಹುದು. ಎದುರಾಳಿ ಜಾರ್ಜ್ ಬುಷ್ ಸುಮ್ನೆ ಕೂರಲಿಲ್ಲ. ಮುಂದಿನ ತಿಂಗಳು ಜನಪ್ರಿಯ ನಿರೂಪಕಿ ಓಪ್ರಾ ವಿನ್‌ಫ್ರೀ ಟಿವಿ ಕಾರ್ಯಕ್ರಮಕ್ಕೆ ಹೋದಾಗ ಆಕೆಯ ಕೆನ್ನೆಗೆ ಮುತ್ತು ಕೊಟ್ಟರು. ಒಂದು ವಾರ ಮೊದಲು ಅಲ್ಲಿಗೆ ಬಂದಿದ್ದ ಗೋರ್ ಅದನ್ನು ಮಾಡಿರಲಿಲ್ಲ. ಕೊನೆಗೆ ಗೋರ್ ಫ್ಲಾರಿಡಾದಲ್ಲಿ 537 ಮತಗಳಿಂದ ಸೋತರು. ಹತ್ತು ವರ್ಷ ಕಳೆದು, 2010ರ ಜೂನ್‌ನಲ್ಲಿ, ದಂಪತಿ ಬೇರೆಯಾಗುತ್ತಿದ್ದೇವೆ ಅಂತ ಸ್ನೇಹಿತರಿಗೆ ಇಮೇಲ್ ಕಳಿಸಿದರು. ಎಲ್ಲ ಚಾನೆಲ್‌ಗಳೂ ಹುಡುಕಿ ತೆಗೆದು ಹಾಕಿದ್ದು ಅದೇ ಮೂರು ಸೆಕೆಂಡು.

ಒಬಾಮ ದಂಪತಿಯ ಕಥೆಯಲ್ಲಿ ಬಣ್ಣದ ಪ್ರಶ್ನೆಯೂ ಸೇರಿಕೊಂಡಿತು. 2008ರ ಜೂನ್ 3ರಂದು ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ, ಪಕ್ಷದ ಅಭ್ಯರ್ಥಿತನ ಖಚಿತವಾದ ರಾತ್ರಿ, ಬರಾಕ್ ಮತ್ತು ಮಿಶೆಲ್ ವೇದಿಕೆಯಲ್ಲಿ ಮುಷ್ಟಿಗೆ ಮುಷ್ಟಿ ತಾಕಿಸಿದರು. ಕ್ರಿಕೆಟ್‌ನಲ್ಲಿ ಓವರ್ ಮುಗಿದಾಗ ಬ್ಯಾಟ್ಸ್‌ಮನ್‌ಗಳು ಗ್ಲೌಸ್ ತಾಕಿಸುವುದನ್ನು ನಾವು ದಿನಾ ನೋಡುತ್ತೇವೆ. ಫಾಕ್ಸ್ ನ್ಯೂಸ್‌ನ ನಿರೂಪಕಿಯೊಬ್ಬರಿಗೆ ಮಾತ್ರ ಇದು ಭಯೋತ್ಪಾದಕರ ಮುಷ್ಟಿಯೇ ಎಂಬ ಪ್ರಶ್ನೆ ಬಂತು. ಆಮೇಲೆ ಕ್ಷಮೆ ಕೇಳಿದರು. ಬಿಳಿಯ ಗೋರ್ ಮುತ್ತಿಟ್ಟರೆ ಬೆಚ್ಚಗಿನ ಮನುಷ್ಯ, ಕರಿಯ ಒಬಾಮ ಮುಷ್ಟಿ ತಾಕಿಸಿದರೆ ಅನುಮಾನ. 2012ರ ಜುಲೈನಲ್ಲಿ ವಾಷಿಂಗ್ಟನ್‌ನಲ್ಲಿ ಅಮೆರಿಕ-ಬ್ರೆಜಿಲ್ ಬ್ಯಾಸ್ಕೆಟ್‌ಬಾಲ್ ಪಂದ್ಯ. ಕ್ರೀಡಾಂಗಣದ ಪರದೆಯಲ್ಲಿ ಮುಖ ಬಂದ ಜೋಡಿ ಮುತ್ತು ಕೊಟ್ಟುಕೊಳ್ಳಬೇಕು ಎಂಬುದು ಅಲ್ಲಿನ ಆಟ. ಒಬಾಮ ದಂಪತಿಯ ಮುಖ ಬಂತು, ಮುತ್ತು ಬರಲಿಲ್ಲ. ಪ್ರೇಕ್ಷಕರು ಅಧ್ಯಕ್ಷರಿಗೇ ಬೂ ಎಂದು ಕೂಗಿದರು! ಎರಡನೇ ಸಲ ಕ್ಯಾಮೆರಾ ತಿರುಗಿದಾಗ ಕೊಟ್ಟರು. ಅದೇ ನವೆಂಬರ್‌ನಲ್ಲಿ ಮರು ಆಯ್ಕೆಯಾದ ರಾತ್ರಿ, ಮಿಶೆಲ್‌ರನ್ನು ತಬ್ಬಿಕೊಂಡ ಫೋಟೋವನ್ನು "ಇನ್ನೂ ನಾಲ್ಕು ವರ್ಷ" ಎಂಬ ಸಾಲಿನೊಂದಿಗೆ ಟ್ವಿಟರ್‌ಗೆ ಹಾಕಿದರು. ಅಲ್ಲಿಯವರೆಗೆ ಅಷ್ಟು ಹಂಚಿಕೆಯಾದ ಟ್ವೀಟ್ ಇನ್ನೊಂದಿರಲಿಲ್ಲ.

ಟ್ರಂಪ್ ಕಾಲಕ್ಕೆ ಆಟ ಪೂರ್ತಿ ತಿರುಗಿತು. 2017ರ ಮೇ ತಿಂಗಳಲ್ಲಿ ಇಸ್ರೇಲ್‌ಗೆ ಹೋದಾಗ, ಕೆಂಪು ಹಾಸಿನ ಮೇಲೆ ನಡೆಯುತ್ತಾ ಅವರು ಹಿಂದೆ ಚಾಚಿದ ಕೈಯನ್ನು ಮೆಲಾನಿಯಾ ಬೆರಳಿನಿಂದ ಸರಿಸಿದರು. 2025ರ ಜನವರಿಯಲ್ಲಿ, ಪ್ರಮಾಣವಚನದ ದಿನ, ಆಕೆಯ ಅಗಲ ಅಂಚಿನ ಟೋಪಿ ಅಡ್ಡ ಬಂದು ಟ್ರಂಪ್ ಕೊಟ್ಟ ಮುತ್ತು ಗಾಳಿಯಲ್ಲೇ ಉಳಿಯಿತು. ಎರಡೂ ವಿಡಿಯೋಗಳಿಗೆ ಸಾವಿರಾರು ಅರ್ಥ ಹಚ್ಚಿದರು. ಕೈ ಬೆವರಿತ್ತೋ, ಬಿಸಿಲಿತ್ತೋ, ಸಿಟ್ಟಿತ್ತೋ ಯಾರಿಗೆ ಗೊತ್ತು? ಆದರೆ 1952ರಿಂದ ಹೆಂಡತಿಯನ್ನು ಸಾಕ್ಷಿ ಕಟ್ಟೆಗೆ ಕರೆದವರು ಆಕೆ ಸಾಕ್ಷಿ ಹೇಳದ ದಿನ ಜನ ಕಣ್ಣು ಮುಚ್ಚಿಕೊಳ್ಳಲಿ ಅಂದರೆ ಆಗುವುದಿಲ್ಲ.

ಎಲ್ಲ ಕಡೆ ಹೀಗಿಲ್ಲ. ಜರ್ಮನಿಯ ಆಂಗೆಲಾ ಮರ್ಕೆಲ್ 2005ರಲ್ಲಿ ಚಾನ್ಸಲರ್ ಆದ ದಿನ ಗಂಡ ಯೋಆಖಿಮ್ ಸೌವರ್ ಸಮಾರಂಭಕ್ಕೆ ಬರಲಿಲ್ಲ. ರಸಾಯನ ವಿಜ್ಞಾನಿ ಅವರು, ಕೆಲಸದ ಜಾಗದಲ್ಲೇ ಟಿವಿ ನೋಡಿದರು. ಮರ್ಕೆಲ್ 16 ವರ್ಷ ಆಳಿದರು. ಅಲ್ಲಿ ಚಾನ್ಸಲರ್‌ರನ್ನು ಆರಿಸುವುದು ಸಂಸತ್ತು. ಅಮೆರಿಕದಲ್ಲಿ ಮತದಾರ ಪಕ್ಷಕ್ಕಿಂತ ಒಬ್ಬ ಮನುಷ್ಯನನ್ನು ಆರಿಸುತ್ತಾನೆ, ಆದ್ದರಿಂದ ಆ ಮನುಷ್ಯನ ಮನೆಯೂ ಬೇಕು.

ನಮ್ಮಲ್ಲಿ? ನಮ್ಮ ನಾಯಕರು ವಿದೇಶಿ ಅಧ್ಯಕ್ಷರನ್ನು ಬಿಗಿದಪ್ಪಿಕೊಳ್ಳುತ್ತಾರೆ, ಹೆಂಡತಿಯನ್ನಲ್ಲ. ಅದಕ್ಕೆ ಕಾರಣವೂ ಇದೆ. 2007ರಲ್ಲಿ ದೆಹಲಿಯ ಏಡ್ಸ್ ಜಾಗೃತಿ ಕಾರ್ಯಕ್ರಮದಲ್ಲಿ ನಟ ರಿಚರ್ಡ್ ಗೇರ್ ನಮ್ಮ ಮಂಗಳೂರು ಮೂಲದ ಶಿಲ್ಪಾ ಶೆಟ್ಟಿಯ ಕೆನ್ನೆಗೆ ಮುತ್ತಿಟ್ಟಾಗ ಪ್ರತಿಕೃತಿ ಸುಟ್ಟರು, ಕೇಸು ಹಾಕಿದರು. ಇದನ್ನು ನೋಡಿದ ಯಾವ ರಾಜಕಾರಣಿ ಆ ಸಾಹಸಕ್ಕೆ ಕೈ ಹಾಕುತ್ತಾನೆ? ಸಿದ್ದರಾಮಯ್ಯನವರ ಪತ್ನಿ ಪಾರ್ವತಿ ಸಾರ್ವಜನಿಕ ಸಮಾರಂಭಗಳಲ್ಲಿ ಕಾಣುವುದೇ ಅಪರೂಪ. ಅದರಿಂದ ಅವರಿಗೆ ಒಂದು ಮತವೂ ಕಡಿಮೆಯಾದಂತೆ ಕಾಣದು.

ನಮ್ಮಲ್ಲಿ ಜೋಡಿಯಾಗಿ ನಿಲ್ಲುವ ಜಾಗ ಪೂಜೆಯದು. ಕೆಆರ್‌ಎಸ್ ತುಂಬಿದಾಗ ಮುಖ್ಯಮಂತ್ರಿ ಕಾವೇರಿಗೆ ಬಾಗಿನ ಬಿಡುತ್ತಾರೆ. 2018ರಲ್ಲಿ ಕುಮಾರಸ್ವಾಮಿ ಹೋದಾಗ ಪಕ್ಕದಲ್ಲಿ ಅನಿತಾ ಅವರಿದ್ದರು. ಇಬ್ಬರ ನಡುವೆ ಎಷ್ಟು ಅಂತರವಿತ್ತು ಅಂತ ಯಾರೂ ಅಳೆಯುವುದಿಲ್ಲ. ಮೊರ ನೀರಿಗೆ ಬಿಟ್ಟು ಮೇಲೆ ಬಂದ ಮುಖ್ಯಮಂತ್ರಿಯನ್ನು ಪತ್ರಕರ್ತರು ಸುತ್ತುವರಿದು ಕೇಳುವುದು, ತಮಿಳುನಾಡಿಗೆ ಎಷ್ಟು ಟಿಎಂಸಿ ಬಿಡ್ತೀರಿ ಸಾರ್ ಅಂತ.